ಎರಡನೇ ಲಾರಿಗೆ ಹಾಕಿದ ಹಗ್ಗ

೧೧ ಮೇ ೨೦೦೮, ಸಂಜೆ

ಹಾಸನ ಜಿಲ್ಲೆಗೆ ಮೊಟ್ಟಮೊದಲು ಕಂಪ್ಯೂಟರ್ ತಂದವನು ನಾನೇ. ಯಾರಿಗೂ ಗೊತ್ತಿಲ್ಲ. ಅದಕ್ಕೇ ಇಲ್ಲಾದರೂ ಇರಲಿ ಅಂತ ಬರೀತಿದ್ದೀನಿ. ತಂದಿದ್ದು ಅಂದರೆ... ತೊಂಬತ್ತಾರರಲ್ಲಿ ಒಂದು ಸ್ಕೂಲಿನ ಉದ್ಘಾಟನೆಗೆ ನಮ್ಮ ಲಾರೀಲಿ ಚೇರುಗಳ ಜತೆ ಒಂದು ದೊಡ್ಡ ಡಬ್ಬ ಬಂತು. ಒಳಗೆ ಏನಿತ್ತು ಅಂತ ಬಿಚ್ಚಿ ನೋಡಲಿಲ್ಲ. ಕಂಪ್ಯೂಟರೇ ಇರಬೇಕು.

ಇವತ್ತು ಹಳ್ಳಿಮೈಸೂರಿನ ಮದುವೆ. ಒಂದಾದ ಮೇಲೊಂದು ಎರಡು ಲಾರಿ ಹೋಯ್ತು. ಮೊದಲನೇದರಲ್ಲಿ ಗಳ, ಹಗ್ಗ, ಶಾಮಿಯಾನ, ಅಡುಗೆ ಪಾತ್ರೆ, ಒಲೆ. ಎರಡನೇದರಲ್ಲಿ ಚೇರು, ವಧೂವರರ ಸಿಂಹಾಸನ, ಸೀರಿಯಲ್ ಲೈಟು. ನಮ್ಮ ಶಾಮಿಯಾನ ಅಂಗಡಿ ಗೋಡೆ ತುಂಬ ಲಾರಿಗೊಂದು ಸಾಲು ಮೊಳೆ, ಮೊಳೆಗೆ ಸಾಮಾನಿನ ಹೆಸರು ಬರೆದ ತಗಡಿನ ಚೀಟಿ. ಚೀಟಿ ಯಾವ ಲಾರಿ ಕೆಳಗೆ ತೂಗುತ್ತೋ ಸಾಮಾನು ಆ ಲಾರೀಲೇ. ಹೊಳೆನರಸೀಪುರದಲ್ಲಿ ಈ ಏರ್ಪಾಟು ಇನ್ಯಾರ ಅಂಗಡೀಲೂ ಇಲ್ಲ.

ಡ್ರೈವರ್ ಕೆಂಚಯ್ಯ ಹಗ್ಗದ ಚೀಟಿ ತೆಗೆದು ಎರಡನೇ ಲಾರಿಗೆ ಹಾಕೋಕೆ ಹೋಗಿದ್ದ. ಕೈ ಹಿಡಿದೆ. ಹಗ್ಗ ಹಿಂದೆ ಉಳಿದರೆ ಗಳ ಅಷ್ಟೂ ನೆಲದ ಮೇಲೆ ಮಲಗಿರುತ್ತೆ, ಅಡುಗೆಯವರು ಬಿಸಿಲಲ್ಲಿ ನಿಂತು ಬೈತಿರ್ತಾರೆ. ಇದು ಅಕ್ಕನ ಮಗಳು ಸ್ಪಂದನಾಗೆ ಆರನೇ ವಯಸ್ಸಿಗೇ ಗೊತ್ತಿತ್ತು. ಬೇಸಿಗೆ ರಜಕ್ಕೆ ಬಂದರೆ ಸ್ಟೂಲ್ ಹತ್ತಿ ಚೀಟಿ ಹಾಕೋಳು ಅವಳೇ.

೧೮ ಮೇ, ಭಾನುವಾರ

ಹಾಸನಕ್ಕೆ ಹೋಗಿದ್ದೆ, ಕಮಲಾಕ್ಷಕ್ಕನ ಮನೆಗೆ. ಸ್ಪಂದನಾ ಸಿಗಲಿಲ್ಲ. ಚಿಕ್ಕಪ್ಪನ ಮನೇಲಿ ಕೆಲಸ ಮಾಡ್ತಾಳಂತೆ. ಚಿಕ್ಕಪ್ಪ ಅಂದರೆ ಭಾವನ ತಮ್ಮ ಮೋಹನ್‌ಕುಮಾರ್, ಪಾಲಿಟೆಕ್ನಿಕ್ ಮೇಷ್ಟ್ರು. ಷರಟಿನ ಜೇಬಲ್ಲಿ ಮೂರು ಪೆನ್ನು. ಬರೆಯೋದು ಒಂದರಲ್ಲೇ.

ಅಲ್ಲಿಗೇ ಹೋದೆ. ಮಹಡಿ ಮೇಲಿನ ರೂಮು ಬಿಟ್ಟುಕೊಟ್ಟಿದಾನೆ. ಇವಳೂ, ಇವಳ ಜತೆ ಓದಿದ ವಂಶಿ ಅನ್ನೋ ಹುಡುಗನೂ, ಎರಡು ದಪ್ಪ ಟಿ.ವಿ. ಥರದ ಕಂಪ್ಯೂಟರೂ. ಏನು ಮಾಡ್ತಿದೀಯಮ್ಮ ಅಂದೆ. ಅವಳು ಬಾಯಿ ಬಿಡೋಕೆ ಮುಂಚೆ ಮೋಹನ್‌ಕುಮಾರನೇ ಶುರು ಹಚ್ಚಿಕೊಂಡ, ಅರ್ಧ ಇಂಗ್ಲಿಷಲ್ಲಿ. ಅರ್ಥ ಆಗಿದ್ದು ಇಷ್ಟು. ಸಾಫ್ಟ್‌ವೇರ್‌ನೋರು ಎಲ್ಲಾ ಕೆಲಸ ಒಟ್ಟಿಗೆ ಮುಗಿಸಿ ಕೊಡಲ್ಲ. ಕಂತು ಕಂತಾಗಿ ಕೊಡ್ತಾರೆ. ಒಂದೊಂದು ಕಂತಿಗೆ ರಿಲೀಸ್ ಅಂತ ಹೆಸರು. ಯಾವ ಕೆಲಸ ಯಾವ ರಿಲೀಸಿಗೆ ಅಂತ ಎಲ್ಲರೂ ಕೂತು ನೋಡೋಕೆ ಒಂದು ಬೋರ್ಡು. ಚೀಟಿಗಳು ಪರದೆ ಮೇಲೇ ಇರ್ತವೆ, ಇಲ್ಲಿಂದ ಅಲ್ಲಿಗೆ ಎಳೆದು ಬಿಡೋದು.

ಅದು ನನ್ನ ಗೋಡೆ! ಮೊಳೆ ಒಂದಿಲ್ಲ ಅಷ್ಟೇ.

ಸ್ಪಂದನಾ ಮುಖ ನೋಡಿದೆ. ಅವಳು ಚಿಕ್ಕಪ್ಪನ ಮುಖ ನೋಡ್ತಿದ್ದಳು. ಅವನು — ಐಡಿಯಾ ಅವಳದು, ಗೈಡೆನ್ಸ್ ನಂದು ಅಂದ. ಚಕ್ರದ ಕುರ್ಚಿ ಇದ್ದಿದ್ದು ಒಂದೇ. ಅದರಲ್ಲಿ ಅವನು. ನನಗೆ ಕಿಟಕಿ ಕಟ್ಟೆ.

ಹಾರ್ಲಿಕ್ಸ್ ಕೊಟ್ಟರು. ಸಕ್ಕರೆ ಸಾಲದು.

೨ ಜೂನ್

ಸ್ಪಂದನಾಗೆ ಫೋನ್ ಮಾಡಿ ಹೇಳಿದೆ, ನಮ್ಮ ಗೋಡೌನ್ ಖಾಲಿ ಮಾಡಿಸಿ ಫ್ಯಾನ್ ಹಾಕಿಸ್ತೀನಿ, ಇಲ್ಲೇ ಬಂದು ಮಾಡು ಅಂತ. ಇಂಟರ್ನೆಟ್ ಲೈನ್ ಸಿಗಲ್ಲ ಮಾವ ಅಂದಳು. ಲೈನ್ ಎಳೆಸೋಣ, ಎಮ್ಮೆಲ್ಲೆ ಗೊತ್ತು ಅಂದೆ. ನಕ್ಕಳು. ಎಮ್ಮೆಲ್ಲೆ ಗೊತ್ತಿಲ್ಲ. ಅವರ ಮನೆ ಗೃಹಪ್ರವೇಶಕ್ಕೆ ಪಾತ್ರೆ ಕೊಟ್ಟಿದ್ದೆ.

ಇನ್ನೊಂದು ಗಮನಿಸಿದೀನಿ. ಆ ಚಿಕ್ಕಪ್ಪನಿಗೆ ‘ನೀವು’ ಅಂತಾಳೆ. ನನಗೆ ‘ನೀನು’. ಹೆಂಡತಿ ಚೂಡಾಮಣಿ ಹತ್ರ ಹೇಳಿದರೆ, ಅದು ಪ್ರೀತಿ ಕಣ್ರೀ ಅಂತಾಳೆ. ಇರಬಹುದು. ಒಂದು ದಿನ ಅವನಿಗೂ ‘ನೀನು’ ಅನ್ನಲಿ, ಗೊತ್ತಾಗುತ್ತೆ.

೨೨ ಜೂನ್

ಚನ್ನರಾಯಪಟ್ಟಣದಲ್ಲಿ ನೆಂಟರ ಬೀಗರ ಊಟ. ಊಟದ ಸಾಲಲ್ಲಿ ಮೋಹನ್‌ಕುಮಾರ್ ನನ್ನ ಪಕ್ಕಕ್ಕೇ ಬಂದು ಕೂತ. ಮೈಸೂರಿನ ಒಂದು ಕಂಪನಿ ಮುಂದಿನ ತಿಂಗಳು ಸ್ಪಂದನಾ ಬೋರ್ಡ್ ನೋಡುತ್ತಂತೆ. ತಗೊಂಡೇ ತಗೋತಾರಂತೆ. ಇಡೀ ಪಂಕ್ತಿಗೆ ಕೇಳಲಿ ಅಂತಾನೇ ಹೇಳಿದ. ನಾನು ಮೂಳೆ ಕೆಳಗಿಟ್ಟು ಅಂದೆ —

“ತಗೊಳಲ್ಲ ಕಣಯ್ಯ. ಬರ್ಕೋ.”

“ಬೆಟ್ಟು ಕಟ್ತೀರಾ, ಭಾವ?”

“ಬೆಟ್ಟೇ.”

ಮೊತ್ತ ಅವನೇ ಹೇಳಿದ. ಹಿಂದೆ ಸರಿಯೋಕೆ ಆಗುತ್ತಾ, ಅಷ್ಟು ಜನ ಇದ್ದರು. ಎಷ್ಟು ಅಂತ ಇಲ್ಲಿ ಬರೆಯಲ್ಲ. ಸ್ಪಂದನಾ ಕಿವಿಗೆ ಬೀಳಬಾರದು ಅಂತ ಮಾತಾಯ್ತು.

ಮನೆಗೆ ಬರ್ತಾ ಬಸ್ಸಲ್ಲಿ ಯೋಚನೆ ಮಾಡಿದೆ. ಅವಳು ಸೋಲಲಿ ಅಂತಲ್ಲ. ಅವನು ಸೋಲಲಿ ಅಂತ. ಇವೆರಡನ್ನೂ ಬಿಡಿಸೋದು ಹೇಗೆ...

೧೩ ಜುಲೈ, ಭಾನುವಾರ

ಆಷಾಢ. ಒಂದು ಮದುವೆ ಇಲ್ಲ. ಪಾತ್ರೆಗಳು ಕವುಚಿ ಬಿದ್ದಿವೆ, ನಾನೂ ಹಾಗೇ.

ಸ್ಪಂದನಾ ತಾನಾಗೇ ಬಂದಳು. ಖುಷಿಯಾಗಿ ಚೂಡಾಮಣಿಗೆ ಹೇಳಿ ಒಬ್ಬಟ್ಟು ಮಾಡಿಸಿದೆ. ಊಟ ಆದ್ಮೇಲೆ ಅಂಗಡಿಗೆ ಬಂದು ಗೋಡೆ ಮುಂದೆ ಸುಮ್ಮನೆ ನಿಂತಿದ್ದಳು. ಆಮೇಲೆ ಒಂದು ಕಾಗದ ಕೊಟ್ಟಳು. ನನ್ನ ಹೆಸರಲ್ಲಿ ಬೋರ್ಡಿಗೆ ಹೋಗೋ ದಾರಿ, ಪಾಸ್‌ವರ್ಡು. ಬುಧವಾರ ಹನ್ನೊಂದು ಗಂಟೆಗೆ ಮೈಸೂರಲ್ಲಿ ತೋರಿಸ್ತೀನಿ, ಅಷ್ಟರಲ್ಲಿ ಸೈಬರ್‌ಗೆ ಹೋಗಿ ಆಡಿಸಿ ನೋಡು ಮಾವ, ಕೆಟ್ಟರೆ ಹೇಳು ಅಂದಳು.

ಎದೆ ಉಬ್ಬಿತು. ನನ್ನನ್ನೇ ಯಾಕಮ್ಮ ಕೇಳಿದೆ ಅಂದೆ.

“ಚಿಕ್ಕಪ್ಪ ಹೇಳಿದ್ರು. ಏನೂ ಗೊತ್ತಿಲ್ಲದವರ ಕೈಲಿ ಒಂದ್ಸಲ ಮುಟ್ಟಿಸಿ ನೋಡು ಅಂತ.”

ಒಬ್ಬಟ್ಟು ಕಟ್ಟಿ ಕೊಡ್ತಿದ್ದೆ. ಎರಡು ವಾಪಸ್ ತೆಗೆದುಕೊಂಡೆ.

೧೬ ಜುಲೈ, ಬುಧವಾರ, ಮಧ್ಯಾಹ್ನ

ಮಾಡಿಬಿಟ್ಟೆ.

ಇಲ್ಲಿನ ಸೈಬರ್‌ನಲ್ಲಿ ಎಲ್ಲಾ ಗುರುತಿನೋರು. ಬಸ್ ಹತ್ತಿ ಚನ್ನರಾಯಪಟ್ಟಣಕ್ಕೆ ಹೋದೆ. ಹನ್ನೊಂದು ಆಗಲಿ ಅಂತ ಕಾದೆ. ಹನ್ನೊಂದೂಕಾಲಾಯ್ತು. ಪರದೆ ತುಂಬ ಚೀಟಿ, ಎಲ್ಲಾ ಇಂಗ್ಲಿಷು. ಓದೋದು ಯಾಕೆ? ಒಂದು ಚೀಟಿಯಿಂದ ಬೇರೆ ಚೀಟಿಗಳಿಗೆಲ್ಲಾ ಗೆರೆ ಹೋಗಿತ್ತು. ನೋಡ್ತಿದ್ದ ಹಾಗೇ ಗೊತ್ತಾಯ್ತು, ಇದೇ ಹಗ್ಗ. ಮೌಸ್‌ನಲ್ಲಿ ಹಿಡಿದು ಎಳೆದು ಪಕ್ಕದ ಸಾಲಿಗೆ ಬಿಟ್ಟೆ. ಎರಡನೇ ಲಾರಿಗೆ.

ಹಿಂದಿದ್ದ ಚೀಟಿಗಳೆಲ್ಲಾ ಕೆಂಪಾದವು, ಒಂದಾದ ಮೇಲೊಂದು.  ವಾಪಸ್ ಇಡೋಣ ಅಂತ ನೋಡಿದೆ, ಮೌಸ್ ಎಲ್ಲೆಲ್ಲೋ ಓಡ್ತು. ಎದ್ದು ಬಂದೆ.

ಬಸ್ಸಲ್ಲಿ ಅವಳ ಮುಖಾನೇ. ಸ್ಟೂಲ್ ಮೇಲೆ ನಿಂತಿದ್ದ ಮುಖ.

೧೭ ಜುಲೈ

ಸುದ್ದಿ ಇಲ್ಲ. ಊಟ ಸೇರಲಿಲ್ಲ.

೧೯ ಜುಲೈ

ಅಕ್ಕ ಫೋನ್ ಮಾಡಿದ್ದಳು. ಅಳ್ತಿದ್ದಾಳೆ ಅಂದುಕೊಂಡೆ. ನಗ್ತಿದ್ದಳು.

ಮೈಸೂರಿನವರು ಕೇಳಿದರಂತೆ, ಒಂದು ಕೆಲಸ ತಡ ಆದರೆ ನಿಮ್ಮ ಬೋರ್ಡ್ ಏನು ಮಾಡುತ್ತೆ ಅಂತ. ಸ್ಪಂದನಾ ಹೇಳೋಕೆ ಹೊರಟಳಂತೆ. ಅಷ್ಟರಲ್ಲಿ ಗೋಡೆ ಮೇಲಿನ ದೊಡ್ಡ ಪರದೇಲಿ ಒಂದು ಚೀಟಿ ತಾನಾಗೇ ನಡ್ಕೊಂಡು ಹೋಗಿ ಪಕ್ಕದ ಸಾಲಲ್ಲಿ ನಿಂತು, ಅದನ್ನು ನಂಬಿದ್ದವೆಲ್ಲಾ ಕೆಂಪಾದವಂತೆ. ಕೆಳಗೆ ಹೆಸರು — ಪುಟ್ಟಸ್ವಾಮಿ ಮಾವ, ಹೊಳೆನರಸೀಪುರ. ಯಾರಿದು ಅಂತ ಕೇಳಿದ್ದಕ್ಕೆ ಇವಳು ಅಂದಳಂತೆ, ಮೊದಲನೇ ಲಾರಿಗೆ ಏನು ಹೋಗಬೇಕು ಅಂತ ನನಗೆ ಕಲಿಸಿದವನು, ಈ ಬೋರ್ಡ್ ಅವನ ಅಂಗಡಿ ಗೋಡೆ ಅಂತ. ಸಾಲುಗಳಿಗೆ ಹೆಸರೂ ಹಾಗೇ ಇಟ್ಟಿದ್ದಾಳಂತೆ. ಇಂಗ್ಲಿಷಲ್ಲಿ ಲಾರಿ ಒಂದು, ಲಾರಿ ಎರಡು. ನಾನು ಓದಿರಲಿಲ್ಲ.

ತಗೊಂಡರಂತೆ.

ಸಂಜೆ ಸ್ಪಂದನಾನೇ ಫೋನ್ ಮಾಡಿದಳು.

“ಮಾವ, ಅಷ್ಟು ಚೀಟೀಲಿ ಅದನ್ನೇ ಹೆಂಗೆ ಹಿಡಿದೆ?”

“ಅನುಭವ ಕಣಮ್ಮ.”

“ಟೈಮೂ ಸರಿಯಾಗಿ ನೋಡ್ದೆ.”

 ನಕ್ಕು ಫೋನ್ ಇಟ್ಟಳು. ಆ ನಗು ಯಾವ ಥರದ್ದು ಅಂತ ಈಗಲೂ ತೂಗಿ ನೋಡ್ತಿದ್ದೀನಿ.

ಊರಿಗೆಲ್ಲಾ ಹೇಳಿದೆ, ಮೈಸೂರಿನ ಕಂಪನಿಗೆ ಇಲ್ಲಿಂದಲೇ ತೋರಿಸಿಕೊಟ್ಟೆ ಅಂತ. ಸುಳ್ಳಲ್ಲ. ಕೆಂಚಯ್ಯ — “ಅಂಗಾರೆ ಸಂಬಳ ಏನಾರ ಕೊಟ್ರಾ ಸಾ?” ಅಂದ. ಬಯ್ದು ಕಳಿಸಿದೆ.

೨೪ ಜುಲೈ

ಮೋಹನ್‌ಕುಮಾರ್ ಅಂಗಡಿಗೆ ಬಂದ. ನಗ್ತಾ ಬಂದ. ಬೆಟ್ಟಿನ ದುಡ್ಡು ಬೀರುವಿನಿಂದ ತೆಗೆದು ಕೊಟ್ಟೆ. ಸ್ಪಂದನಾ ಮದುವೆಗೆ ಸೋದರಮಾವನ ಕಡೆಯಿಂದ ಓಲೆ ಮಾಡಿಸೋಕೆ ಅಂತ ಕಟ್ಟಿಟ್ಟಿದ್ದ ಗಂಟು. ಎಣಿಸಿಕೊಂಡು, ಕಾಫಿ ಕುಡಿದೇ ಹೋದ.

೩ ಆಗಸ್ಟ್, ಭಾನುವಾರ

ಶ್ರಾವಣ ಬಂತು. ಹಾಸನಕ್ಕೆ ಹೋದೆ.

ಮಹಡಿ ಮೇಲೆ ಸ್ಪಂದನಾ ಮುಂದೆ ಹೊಸ ಮಾನಿಟರ್. ತೆಳ್ಳಗೆ, ಹಲಗೆ ಥರ. ಅದರ ನೆತ್ತಿಗೆ ಪೂಜೆಯ ಅರಿಶಿನ ಕುಂಕುಮ. ಚಿಕ್ಕಪ್ಪ ಕೊಡಿಸಿದ್ರು ಮಾವ, ಎಷ್ಟು ಚೆನ್ನಾಗಿದೆ ನೋಡು ಅಂದಳು. ಕಣ್ಣು ಹೊಳೀತಿತ್ತು. ಬಾಗಿಲಲ್ಲಿ ಅವನು ಕೈ ಕಟ್ಟಿಕೊಂಡು ನಿಂತಿದ್ದ.

“ಹೆಂಗಿದೆ ಭಾವ?”

“ಚೆನ್ನಾಗಿದೆ.”

ಇನ್ನೇನು ಹೇಳಲಿ? ದುಡ್ಡು ನಂದು ಅಂದರೆ ಯಾವ ದುಡ್ಡು ಅಂತಾಳೆ. ಬೆಟ್ಟು ಅನ್ನಬೇಕು. ಯಾರ ಮೇಲೆ ಬೆಟ್ಟು ಕಟ್ಟಿದೆ ಅಂತಾಳೆ...

ಅವಳು ಚಕ್ರದ ಕುರ್ಚಿ ನನ್ನ ಕಡೆ ತಳ್ಳಿದಳು. ಕೂತ್ಕೋ ಮಾವ ಅಂದಳು. ಕೂತೆ. ಪರದೆ ಮೇಲೆ ಲಾರಿ ಒಂದು, ಲಾರಿ ಎರಡು. ಈ ಸಲ ಅಕ್ಷರ ಕೂಡಿಸಿ ಓದಿದೆ. ಸಂತೋಷಾನೂ ಆಯ್ತು, ಹೊಟ್ಟೆ ಉರೀನೂ ಆಯ್ತು. ಒಟ್ಟಿಗೇ.

ವೈರು ನೋಡೋ ನೆಪದಲ್ಲಿ ಮಾನಿಟರ್ ಹಿಂದಕ್ಕೆ ಬಗ್ಗಿದೆ. ಅಂಗಡಿಯವನ ಬೆಲೆಚೀಟಿ ಹಾಗೇ ಇತ್ತು. ಒಂದು ರೂಪಾಯಿ ಅವನು ಹಾಕಿಲ್ಲ, ಒಂದು ರೂಪಾಯಿ ತಿಂದೂ ಇಲ್ಲ.

ಚೂಡಾಮಣಿಗೆ ಬೆಟ್ಟಲ್ಲಿ ಐನೂರು ಹೋಯ್ತು ಅಂದಿದ್ದೀನಿ. ಕೆಂಚಯ್ಯಂಗೆ ಎರಡು ಸಾವಿರ. ಇಲ್ಲೂ ಇಷ್ಟು ದಿನ ತಪ್ಪಿಸಿಕೊಂಡೆ. ನಿಜ ಹೇಳಿದರೆ ಹನ್ನೊಂದು ಸಾವಿರದ ಐನೂರು, ಬೆಲೆಚೀಟೀಲಿ ಇದ್ದದ್ದೂ ಅಷ್ಟೇ, ಅದನ್ನ ಉಗುರಲ್ಲಿ ಕೆರೆದು ಕಿತ್ತುಕೊಂಡು ಬಂದು ಈಗ ಅಂಗಡಿ ಗೋಡೆ ಮೇಲೆ, ಎರಡನೇ ಲಾರಿ ಮೊಳೆಗೆ ಸಿಕ್ಕಿಸಿದ್ದೀನಿ, ಆಮೇಲೆ ಹೋಗಲಿ ಅಂತ.