ಎಕ್ಕಾ ಜೋಡಿ, ಹದಿನಾಲ್ಕು ಬೀಜ

2 ಮಾರ್ಚ್ 2008, ಭಾನುವಾರ

ಇಸ್ಪೀಟಿನಲ್ಲಿ ಮತ್ತೆ ಸೋತೆ. ಎಲೆ ಚೆನ್ನಾಗಿಯೇ ಇತ್ತು, ಆದರೂ ಕೆಳಗಿಟ್ಟೆ. ಎದುರುಮನೆಯ ಗುರಣ್ಣ ಪಣಕ್ಕಿಟ್ಟ ಹುಣಸೆ ಬೀಜ ಬಾಚಿಕೊಂಡು ನಕ್ಕರು. “ಎಂಥಾ ಅಂಜಬುರುಕಲೇ ಧರ್ಮಾ! ಭೋಸರಿ ಕಾರ್ಖಾನಿಯೊಳಗ ಸ್ಟೋರ್ ಹೆಂಗ ಸಂಭಾಳಸ್ತಿ?”

ಹದಿನೈದು ವರ್ಷದಿಂದ ಭಾನುವಾರ ಮಧ್ಯಾಹ್ನ ಇದೇ ಕೆಲಸ. ಆಗ ಮೂರೆಲೆಯ ತೀನ್ ಪತ್ತಿ. ಈಗ ಮಗಳು ಶೈಲಶ್ರೀ ಕಾಲೇಜಿನಿಂದ ಕಲಿತು ತಂದ ಪೋಕರ್. ಕೈಯಲ್ಲಿ ಎರಡು ಎಲೆ, ನಡುವೆ ಇಬ್ಬರಿಗೂ ಸೇರಿದ ಎಲೆ. ತಲೆಗೆ ಇಪ್ಪತ್ತು ಬೀಜ.

ಊಟಕ್ಕೆ ಕೂತಾಗ ಮಗಳ ಬೈಗುಳ: “ಅಪ್ಪಾ, ನಡುವಿನ ದೊಡ್ಡ ಎಲಿಗೆ ನಿನ್ನ ಎಲಿ ಜೋಡಿ ಆದ್ರ ಅದು ಟಾಪ್ ಪೇರ್. ಬೀಜ ರಾಶಿ ಇದ್ರ ವಿಚಾರ ಮಾಡು. ಹತ್ತಿಪ್ಪತ್ತ ಬೀಜ ಇದ್ದಾಗ ಎಂಥಾ ವಿಚಾರ? ಎಲ್ಲಾ ಹಾಕಿಬಿಡು!”

6 ಏಪ್ರಿಲ್

ನಾವು ಬಾಡಿಗೆಗಿರುವ ಈ ಹಳೆಯ ವಾಡೆ ಕೆಡವುವುದು ಪಕ್ಕಾ ಆಯಿತು. ಮೇ ಒಳಗೆ ಸದಾಶಿವ ಪೇಠ ಬಿಡಬೇಕು. ಉಳಿದಿರುವುದು ನಮ್ಮ ಎರಡೇ ಮನೆ. ಪಡಸಾಲೆಯ ಜೋಕಾಲಿಯನ್ನು ಮಾಲೀಕರು ನಮಗೇ ಬಿಟ್ಟರು, ಯಾರಾದರೂ ಒಬ್ಬರು ಒಯ್ಯಿರಿ ಅಂತ. ತೇಗದ ಹಲಗೆ, ಹಿತ್ತಾಳೆ ಸರಪಳಿ. ಶೈಲಶ್ರೀ ಅದರ ಮೇಲೇ ಮಲಗಿ ಬೆಳೆದವಳು. ನನ್ನ ಹೆಂಡತಿ ಅನುಸೂಯಾ ಆಗಲೇ ನಾವು ಹೋಗಲಿರುವ ಧನಕವಡಿಯ ಫ್ಲ್ಯಾಟಿನಲ್ಲಿ ಜಾಗ ಅಳೆದು ಬಂದಿದ್ದಾಳೆ.

ನನಗೂ ಬೇಕು. ತುಂಬಾ ಬೇಕು. ಎಷ್ಟು ಸಂಜೆ ಅದರ ಮೇಲೆ ಕೂತು ಶೇಂಗಾ ತಿಂದಿದ್ದೇವೆ... ನಾನು, ಗುರಣ್ಣ, ಅವರ ಹೆಂಡತಿ ಸಕ್ಕುಬಾಯಿ ವೈನಿ. ವೈನಿ ತೀರಿಕೊಂಡು ಮೂರು ತಿಂಗಳು.

ಗುರಣ್ಣನೇ ಅಂದರು, “ಜಗಳ ಬ್ಯಾಡ. ಎಲಿ ಹಾಕೂಣು. ಗೆದ್ದಾಂವ ಒಯ್ಯಲಿ.”

27 ಏಪ್ರಿಲ್, ಸಂಜೆ 6

ಪಡಸಾಲೆಗೆ ಹೋದಾಗ ನೋಡಿದೆ, ಜೋಕಾಲಿಯ ಸರಪಳಿ ಫಳಫಳ. “ಹುಣಸಿಹಣ್ಣು ಹಚ್ಚಿ ತಿಕ್ಕೀನಿ. ಗೆದ್ದಾವ್ರ ಮನಿಗೆ ಕರ್ರಗಾಗಿ ಹೋಗಬಾರದು ನೋಡು,” ಅಂದರು ಗುರಣ್ಣ. ನನ್ನ ಮುಖ ನೋಡಲಿಲ್ಲ.

ಐದು ಗಂಟೆಗೆ ಕೊನೆಯ ಆಟ, ಅದು ಮುಗಿದಾಗ ಬೀಜ ಹೆಚ್ಚಿದ್ದವರಿಗೆ ಜೋಕಾಲಿ ಅಂತ ಮಾತಾಗಿತ್ತು. ನನ್ನ ಹತ್ತಿರ ಹದಿನಾಲ್ಕು ಬೀಜ, ಅವರ ಹತ್ತಿರ ಇಪ್ಪತ್ತಾರು. ಕೈಯಲ್ಲಿ ಎಕ್ಕಾ, ಒಂಬತ್ತು. ನಡುವೆ ಬಿದ್ದವು ಎಕ್ಕಾ, ರಾಜಾ, ನಾಲ್ಕು. ಟಾಪ್ ಪೇರ್! ಈ ಸಲ ಹೆದರಬಾರದು. ಬೀಜಕ್ಕೆ ಕೈ ಹಾಕಿದೆ—

ಅಷ್ಟರಲ್ಲಿ ಗುರಣ್ಣ ತಮ್ಮ ಬೀಜವೆಲ್ಲ ಮುಂದೆ ತಳ್ಳಿ, “ಶೋ!” ಅಂತ ಎಲೆ ತಿರುವಿ ಹಾಕಿದರು. ದೀಪಾವಳಿ ತೀನ್ ಪತ್ತಿಯ ಚಟ, ಇಬ್ಬರೇ ಉಳಿದರೆ ಶೋ. ಪೋಕರಿನಲ್ಲಿ ನಾನು ಬೀಜ ಹಾಕುವ ಮೊದಲೇ ತೋರಿಸುವವರು ಯಾರಾದರೂ ಇದ್ದಾರೆಯೇ! ಅವರದು ರಾಜಾ ಜೋಡಿ. ನನ್ನದಕ್ಕಿಂತ ಸಣ್ಣದು. ಅವರಿಗೆ ಅದರ ಖಬರೇ ಇಲ್ಲ. ಜೋಕಾಲಿಯನ್ನೇ ನೋಡುತ್ತಿದ್ದರು.

“ನಿಮ್ಮ ವೈನಿ ಕೂಡ್ರೋ ಕಡೆ ಹಲಗಿ ಎಷ್ಟ ನುಣುಪ ಆಗೇದ ನೋಡಲೇ.”

ನನ್ನ ಎರಡೂ ಎಲೆಯನ್ನು ಬೋರಲಾಗಿಯೇ ಕಟ್ಟಿನೊಳಗೆ ಸೇರಿಸಿದೆ. “ನಂದೇನೂ ಇಲ್ರಿ.”

“ಮತ್ತ ಅಂಜಿದಿ!”

“ಹೌದ್ರಿ.”

ಹೊಟ್ಟೆ ಉರಿಯಿತು, ಸುಳ್ಳೇಕೆ ಬರೆಯಲಿ. ಮನೆಗೆ ಬಂದರೆ ಅನುಸೂಯಾ, “ಎಂಥಾ ಎಲಿ ಬಂದಿತ್ರೀ?” ಏನೂ ಬಂದಿರಲಿಲ್ಲ ಅಂದೆ. ಪಾತ್ರೆಗಳನ್ನು ದಡಬಡ ಇಡುತ್ತಿದ್ದಾಳೆ.

20 ಜುಲೈ, ಭಾನುವಾರ

ಮೂರು ತಿಂಗಳು ಏನೂ ಬರೆದಿಲ್ಲ. ಧನಕವಡಿಯಲ್ಲಿ ಎಲ್ಲಾ ಅನುಕೂಲ. ಭಾನುವಾರ ಮಧ್ಯಾಹ್ನ ಮಾತ್ರ ಸಾಗುವುದೇ ಇಲ್ಲ. ಇವತ್ತು ತಡೆಯಲಾರದೆ ಎರಡು ಬಸ್ಸು ಬದಲಿಸಿ ನಿಗಡಿಗೆ, ಗುರಣ್ಣನ ಹೊಸ ಮನೆಗೆ ಹೋದೆ.

ಹಾಲಿನ ತುಂಬ ಜೋಕಾಲಿ. ಹಾಯಲು ದಾರಿಯಿಲ್ಲ. ಗುರಣ್ಣ ಇಳಿದುಹೋಗಿದ್ದಾರೆ. ಚಹಾ ಕೊಟ್ಟು, ಜೋಕಾಲಿಯ ಮೇಲೆ ಕೂತರು.

“ಖರೇ ಹೇಳಲೇ ಧರ್ಮಾ. ಅವತ್ತ ನಿನ್ನ ಕಡೆ ಎಕ್ಕಾ ಇತ್ತಿಲ್ಲೋ?”

ಕಪ್ಪಿನೊಳಗೇ ನೋಡುತ್ತಿದ್ದೆ.

ಅವರು ಒಂದು ಬದಿಗೆ ಸರಿದರು. ವೈನಿ ಕೂರುತ್ತಿದ್ದ ಕಡೆ ಹಲಗೆ ತಟ್ಟಿದರು. “ಬಾ. ಕೂಡ್ರು.”

ಕೂತೆ. ಆಮೇಲೆ ನಾವಿಬ್ಬರೂ ಒಟ್ಟಿಗೆ ನೆಲಕ್ಕೆ ಕಾಲೂರಿ ಜೋಕಾಲಿ ತೂಗಿದೆವು.