ನನ್ನನ್ನು ಸಾಯಿಸಿದ ನಿನ್ನ ಸಿನಿಮಾ

ತಬ್ರೀಜ್
ಆಬಾನ್ ತಿಂಗಳ ಹನ್ನೆರಡು, ಸೋಮವಾರ

ಪ್ರೀತಿಯ ಸೋಲ್ಮಾಜ್,

ಆರೋಗ್ಯ ಹೇಗಿದೆ? ಲೈಪ್‌ಜಿಗ್‌ನಲ್ಲಿ ಚಳಿ ಶುರುವಾಗಿರಬೇಕು. ನಿನ್ನ ಗಂಟಲು ಚಿಕ್ಕಂದಿನಿಂದಲೂ ಚಳಿ ತಡೆಯುವುದಿಲ್ಲ, ಕುತ್ತಿಗೆಗೆ ಉಣ್ಣೆಬಟ್ಟೆ ಸುತ್ತಿಕೋ. ಎಷ್ಟೇ ಕೋಪವಿದ್ದರೂ ಇದನ್ನು ಕೇಳದೆ ಮುಂದೆ ಬರೆಯಲು ನನಗೆ ಬರುವುದಿಲ್ಲ. ನನ್ನ ಮೊಣಕಾಲು ಎಂದಿನಂತೆ ನೋಯುತ್ತಿದೆ, ರಕ್ತದೊತ್ತಡ ಸ್ವಲ್ಪ ಏರಿದೆ, ಉಳಿದಂತೆ ಚೆನ್ನಾಗಿದ್ದೇನೆ. ಅಂದರೆ ಬದುಕಿದ್ದೇನೆ. ಇದನ್ನೂ ನಿನಗೆ ಕಾಗದ ಬರೆದು ತಿಳಿಸಬೇಕಾದ ಕಾಲ ಬಂತು ನೋಡು.

ಹೋದ ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ಮುನವ್ವರ್ ಕಪ್ಪು ಬಟ್ಟೆ ಹಾಕಿಕೊಂಡು, ಖರ್ಜೂರದ ತಟ್ಟೆ ಹಿಡಿದುಕೊಂಡು, ಇಬ್ಬರು ಸೊಸೆಯರ ಜೊತೆ ಬಂದು ಬಾಗಿಲು ತಟ್ಟಿದಳು. ನಾನೇ ಬಾಗಿಲು ತೆಗೆದೆ. ಅವಳು ಹೊಸ್ತಿಲಲ್ಲೇ ಕುಸಿದು ಕೂತಳು. “ನೀನು ಹೋದೆ ಅಂತ ಫೋನಲ್ಲಿ ನೋಡಿ ಬಂದ್ವಲ್ಲೇ ಇಫ್ಫತ್” ಎಂದಳು. “ಹೋಗಿದ್ದೆ, ರೊಟ್ಟಿ ತರೋಕೆ. ಈಗ ಬಂದಿದೀನಿ, ಒಳಗೆ ಬಾ” ಎಂದೆ. ಒಳಗೆ ಕೂತು ಚಹಾ ಕುಡಿಯುತ್ತಾ ಅವಳ ಫೋನಿನಲ್ಲಿ ನಾನೂ ನೋಡಿದೆ. ನಿನ್ನ ಹೊಸ ಸಿನಿಮಾದ ಒಂದೂವರೆ ನಿಮಿಷದ ತುಣುಕು. ನನ್ನ ಅಂಗಡಿ, ಮುಚ್ಚಿದ ಬಾಗಿಲು, ಅದರ ಮೇಲೆ ಕಪ್ಪು ಅಂಚಿನ ಸಾವಿನ ಚೀಟಿ, ಚೀಟಿಯಲ್ಲಿ ನನ್ನದೇ ಫೋಟೋ. ಮಧ್ಯಾಹ್ನದೊಳಗೆ ಕರಜ್‌ನಿಂದ ನಿನ್ನ ಸೋದರಮಾವ ಫೋನ್ ಮಾಡಿ, ನನ್ನ ದನಿ ಕೇಳಿ ಅತ್ತ. ಬಜಾರಿಗೆ ಹೋದರೆ ಎದುರು ಅಂಗಡಿಯ ಹಾಜಿ ಖೈರುಲ್ಲಾ ಆಗಲೇ ಮಾಲೀಕರ ಹತ್ತಿರ ನನ್ನ ಅಂಗಡಿಯನ್ನು ಕೇಳಿಯಾಗಿತ್ತು. “ತಪ್ಪು ತಿಳ್ಕೋಬೇಡಿ ಅಕ್ಕಾ, ಖಾಲಿ ಯಾಕೆ ಬಿದ್ದಿರ್ಬೇಕು ಅಂತ ಕೇಳ್ದೆ” ಎಂದ. ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ, ನಾನು ಬದುಕಿದ್ದೇನಲ್ಲ ಎಂಬ ಬೇಸರವಿತ್ತು.

ಸೋಲ್ಮಾಜ್, ನಿನ್ನ ಅಮ್ಮ ತೀರಿಕೊಂಡ ಮೇಲೆ ನೀನು ನನ್ನ ಕಣ್ಣೆದುರಿಗೇ ಬೆಳೆದವಳು. ಹತ್ತೊಂಬತ್ತು ವರ್ಷಕ್ಕೇ ಮದುವೆಮನೆಗಳಲ್ಲಿ ಹೆಂಗಸರ ಕಡೆಯ ವಿಡಿಯೋ ತೆಗೆಯಲು ಹೊರಟೆ, ಅಲ್ಲಿಗೆ ಗಂಡಸರು ಬರುವಂತಿರಲಿಲ್ಲವಲ್ಲ. ನಿನ್ನ ಹಿಂದೆ ದೀಪ ಹಿಡಿದು ನಿಂತವಳು ನಾನು. ಕಾರ್ಖಾನೆಯ ನೆಲಮಾಳಿಗೆಯಲ್ಲಿ ನನ್ನ ಜೊತೆ ಬೂಟು ಹೊಲಿಯುತ್ತಿದ್ದ ಹೆಂಗಸರ ಬಗ್ಗೆ ನಿನ್ನ ಮೊದಲ ಸಿನಿಮಾ ಮಾಡಿದೆ. ತೋರಿಸಲು ಸರ್ಕಾರವನ್ನು ಮೂರು ಸಲ ಅನುಮತಿ ಕೇಳಿದೆ, ಮೂರು ಸಲವೂ ಇಲ್ಲ ಎಂದರು. ಎರಡು ದೃಶ್ಯ ಕತ್ತರಿಸಿದರೆ ಕೊಡುತ್ತೇವೆ ಎಂದಾಗ ನೀನು ಅರ್ಜಿಯನ್ನೇ ವಾಪಸು ಎತ್ತಿಕೊಂಡು ಬಂದು, ನನ್ನ ಅಡುಗೆಮನೆಯ ಗೋಡೆಗೆ ಹಾಸಿಗೆಯ ಬಿಳಿ ಬಟ್ಟೆ ಕಟ್ಟಿ ನಮಗೆಲ್ಲ ತೋರಿಸಿದೆ. ಎರಡನೆಯ ಸಿನಿಮಾವನ್ನು ಗುಪ್ತಚರ ಕಚೇರಿಯವರು ಕಂಪ್ಯೂಟರಿನ ಸಮೇತ ಹೊತ್ತುಕೊಂಡು ಹೋದರು. ಆಮೇಲೆ ನೀನು ದೇಶ ಬಿಟ್ಟೆ. ಅಲ್ಲಿ ಬೇಕರಿಯಲ್ಲಿ ತಟ್ಟೆ ತೊಳೆಯುತ್ತಲೇ ಮೂರನೆಯದನ್ನು ಮಾಡಿದೆ. “ಹತ್ತೊಂಬತ್ತು ಜನ ಕೊನೇವರೆಗೂ ಎದ್ದು ಹೋಗ್ಲಿಲ್ಲ ದೊಡ್ಡಮ್ಮಾ” ಎಂದು ಫೋನ್ ಮಾಡಿದಾಗ ನಾನು ಇಡೀ ಓಣಿಗೆ ಮಿಠಾಯಿ ಹಂಚಿದೆ.

ಆ ಧೈರ್ಯದ ಮೇಲೇ ಈ ನಾಲ್ಕನೆಯದಕ್ಕೆ ನನ್ನ ಮುಖ ಕೊಟ್ಟದ್ದು. ಹದಿನಾಲ್ಕು ದಿನ ನಿನ್ನ ಗೆಳತಿ ನಿಗಾರ್ ಇಲ್ಲಿ ಕದ್ದುಮುಚ್ಚಿ ಚಿತ್ರೀಕರಿಸಿದಳು. ಗೋಂದಿನ ಡಬ್ಬಿಗೆ ಒರಗಿಸಿದ ಫೋನಿನೊಳಗಿಂದ ನೀನು “ದೊಡ್ಡಮ್ಮಾ, ಕ್ಯಾಮರಾ ನೋಡ್ಬೇಡ, ಕೈ ನೋಡು” ಎನ್ನುತ್ತಿದ್ದೆ. ನನ್ನ ಕಥೆಯನ್ನೇ ಮಾಡೋಣ ಎಂದಿದ್ದೆ. ಕಾರ್ಖಾನೆ ಬಿಟ್ಟ ಮೇಲೆ ಗಂಡಸರದೇ ಓಣಿಯಲ್ಲಿ ನಾನು ಬೂಟು ರಿಪೇರಿ ಅಂಗಡಿ ತೆರೆದದ್ದು, ಖೈರುಲ್ಲಾನ ಕಡೆಯವರು ಅದಕ್ಕೆ ತಮ್ಮ ಬೀಗ ಜಡಿದದ್ದು, ಮರುದಿನ ಬೆಳಿಗ್ಗೆ ನಾನು ಗರಗಸ ತಂದು ಎಲ್ಲರೆದುರು ಆ ಬೀಗ ಕೊಯ್ದು ಕೆಲಸಕ್ಕೆ ಕೂತದ್ದು. ಕೊನೆಯ ದೃಶ್ಯ ಅದೇ ಎಂದು ಮಾತಾಗಿತ್ತು. ಈಗ ಬೀಗ ಜಡಿದ ಮರುದಿನ ನಾನು ಸತ್ತಿದ್ದೇನೆ.

ಯಾಕೆ ಎಂದು ಕೇಳಿದರೆ ಫೋನಿನಲ್ಲಿ ಏನೆಂದೆ? ಅಲ್ಲಿಯ ನಿರ್ಮಾಪಕನಿಗೆ ಬೀಗ ಕೊಯ್ಯುವುದು ನಂಬುವ ಹಾಗಿಲ್ಲವಂತೆ. ನೋಡುವವರ ಮನಸ್ಸು ಭಾರವಾಗಬೇಕಂತೆ. “ಅದು ಬರೀ ಸಿನಿಮಾ ದೊಡ್ಡಮ್ಮಾ” ಎಂದೆ. ಆ ಮಾತನ್ನು ನೀನು ಇದುವರೆಗೆ ಯಾರಿಗೂ ಹೇಳಿದವಳಲ್ಲ. ಇಲ್ಲಿಯವರು ಹೆದರಿಸಿದಾಗ ಬಗ್ಗದವಳು, ಅಲ್ಲಿಯವನು ಕಾಫಿ ಕೊಟ್ಟು ನಯವಾಗಿ ಕೇಳಿದ ಕೂಡಲೇ ಬಗ್ಗಿಬಿಟ್ಟೆ. ಎರಡು ದೃಶ್ಯ ಕತ್ತರಿಸಲು ಒಪ್ಪದವಳು ನನ್ನನ್ನೇ ಕತ್ತರಿಸಿದೆ. ನಮ್ಮ ಹೆಂಗಸರು ಅಳುತ್ತಿದ್ದರೆ ಅಥವಾ ಸತ್ತಿದ್ದರೆ ಮಾತ್ರ ಅವನಿಗೆ ನಿಜವೆನಿಸುತ್ತಾರೆ. ಅವನದು ಅವನ ಬುದ್ಧಿ. ನಿನ್ನದಕ್ಕೆ ಏನಾಗಿತ್ತು?

ಇನ್ನೊಂದು ವಿಷಯ ನಿನಗೆ ಹೇಳಿಲ್ಲ. ಮೊನ್ನೆ ಶನಿವಾರ ನನ್ನನ್ನು ಆ ಗುಪ್ತಚರ ಕಚೇರಿಗೆ ವಿಚಾರಣೆಗೆ ಕರೆಸಿದ್ದರು. ನಾಲ್ಕು ಗಂಟೆ ಕೂರಿಸಿದರು. ಹೌದು, ಇದು ನನ್ನ ಮುಖ, ನನ್ನ ಅಂಗಡಿ, ಯಾರ ಬಲವಂತವೂ ಇಲ್ಲ ಎಂದೆ. ಯಾರು ತೆಗೆದರು ಎಂದು ಎಷ್ಟು ಕೇಳಿದರೂ ನಿಗಾರಳ ಹೆಸರು ಬಾಯಿಂದ ಬರಲಿಲ್ಲ. ನನಗೆ ಹೆದರಿಕೆಯೂ ಆಗಲಿಲ್ಲ, ನಂಬು. ಕೊನೆಗೆ ಅಲ್ಲಿದ್ದ ಗಡ್ಡ ನರೆತ ಅಧಿಕಾರಿ ಆ ಸಾವಿನ ಚೀಟಿಯ ಚಿತ್ರವನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದ. “ನೋಡಿ ಅಮ್ಮಾ, ನೀವು ಅವಳನ್ನ ಕಾಪಾಡ್ತಾ ಕೂತಿದೀರಿ. ಅವಳಿಗೆ ನೀವು ಸತ್ರೇನೇ ಲಾಭ” ಎಂದ. ಅಷ್ಟು ಹೊತ್ತು ಪ್ರತಿ ಮಾತಿಗೂ ತಿರುಗೇಟು ಕೊಟ್ಟಿದ್ದೆ. ಈ ಮಾತಿಗೆ ಅವನೆದುರು ತಲೆ ತಗ್ಗಿಸಿದೆ, ಸೋಲ್ಮಾಜ್. ಮುನವ್ವರಳ ಖರ್ಜೂರ, ಖೈರುಲ್ಲಾನ ಆಸೆ ಎಲ್ಲವನ್ನೂ ನಕ್ಕು ಮರೆಯಬಲ್ಲೆ. ಇದನ್ನು ಮರೆಯಲಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಕಣ್ಣು ಕಾಯಲಿ, ಅದರ ಹಿಂದಿರುವ ಬುದ್ಧಿಯನ್ನೂ ಕಾಯಲಿ. ನಿಗಾರ್ ನಿನ್ನನ್ನು ಕೇಳಿದ್ದೇನೆಂದು ಹೇಳು ಎಂದಿದ್ದಾಳೆ. ಅವಳಿಗೂ ನಿನ್ನ ಮೇಲೆ ಸಿಟ್ಟಿದೆ, ಹೇಳುವುದಿಲ್ಲ ಅಷ್ಟೆ.

ಇನ್ನೂ ಉಸಿರಾಡುತ್ತಿರುವ ನಿನ್ನ ದೊಡ್ಡಮ್ಮ,
ಇಫ್ಫತ್

ಮರೆತಿದ್ದೆ: ಇದನ್ನು ಫೋನಿನಲ್ಲಿ ಆಡುವಂತಿಲ್ಲ, ಅದಕ್ಕೇ ನಿಗಾರಳ ಅತ್ತಿಗೆಯ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ನನ್ನ ಪಾಸ್‌ಪೋರ್ಟನ್ನು ಅವರು ಇನ್ನೂ ಕೇಳಿಲ್ಲ. ಕೇಳುವ ಮೊದಲೇ ಹೊರಡುತ್ತೇನೆ. ಇಪ್ಪತ್ತೇಳನೇ ತಾರೀಖಿನ ಬಸ್ಸಿಗೆ ಗಡಿಯಾಚೆಯ ಯೆರೆವಾನ್‌ಗೆ ಟಿಕೆಟ್ ತೆಗೆದಿದ್ದೇನೆ, ಮೂರು ದಿನ ಅಲ್ಲಿರುತ್ತೇನೆ. ಕ್ಯಾಮರಾ ತೆಗೆದುಕೊಂಡು ಬಾ, ಆ ನಿರ್ಮಾಪಕನನ್ನು ಕರೆತರಬೇಡ. ಕೊನೆಯ ದೃಶ್ಯಕ್ಕೆ ನೀನು ಏನೂ ಬರೆಯುವುದು ಬೇಡ. ಈ ಸಲ ನಾನು ಕ್ಯಾಮರಾವನ್ನೇ ನೋಡುತ್ತೇನೆ.