ಔರಾದ ಬಸ್ ನಿಲ್ದಾಣದ ಬ್ಯಾನರ್

ಭಾಲ್ಕಿ,
ರವಿವಾರ, ೯ ನವೆಂಬರ್ ೨೦೨೫

ಚಿರಂಜೀವಿ ವರದಾಳಿಗೆ ನಿನ್ನ ಬಾಬಾ ಮಾಡುವ ಆಶೀರ್ವಾದಗಳು.

ಹೇಗಿದ್ದೀ? ಚೆನ್ನೈಯಲ್ಲಿ ಮಳೆ ಹಿಡಿದುಕೊಂಡಿದೆ ಎಂದು ಟಿವಿಯಲ್ಲಿ ತೋರಿಸುತ್ತಿದ್ದಾರೆ. ನಿನ್ನ ಕೆಮ್ಮು ಹೋಯಿತೋ ಇಲ್ಲವೋ? ಆಯಿ ಕಳಿಸಿದ ಜ್ಯೇಷ್ಠಮಧು ಡಬ್ಬಿಯಲ್ಲಿ ಹಾಗೆಯೇ ಬಿದ್ದಿದೆ ಎಂದು ಆಶೀಷ ಚಾಡಿ ಹೇಳಿದ್ದಾನೆ. ದಿನಕ್ಕೆರಡು ಸಲ ಬಾಯಲ್ಲಿಟ್ಟುಕೋ. ಇಲ್ಲಿ ನಾವು ಕ್ಷೇಮ. ಆಯಿಯ ಮೊಣಕಾಲು ಮೊದಲಿನಂತೆಯೇ ಕಿರಿಕಿರಿ ಮಾಡುತ್ತದೆ, ಅವಳೂ ಮೊದಲಿನಂತೆಯೇ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಎಡಗಣ್ಣಿನ ಪೊರೆ ತೆಗೆಸಿ ತಿಂಗಳಾಯಿತು. ಈಗ ನೇರ ಗೆರೆ ನೇರವಾಗಿಯೇ ಕಾಣುತ್ತದೆ. ಮೂವತ್ತೊಂದು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನಿಗೆ ಇದಕ್ಕಿಂತ ದೊಡ್ಡ ಸುಖ ಬೇರೆ ಇಲ್ಲ. ಫೋನು ಮಾಡಿದರೆ ನೀನು "ಹೂಂ ಬಾಬಾ, ಊಟ ಆತು ಬಾಬಾ" ಎಂದು ಎರಡು ಮಾತಿನಲ್ಲಿ ಕೈತೊಳೆದುಕೊಳ್ಳುತ್ತೀ. ಮರಾಠಿಯಲ್ಲಿ ಬೈದರೆ ನಗುತ್ತೀ. ಅದಕ್ಕೇ ಈ ಸಲ ಕನ್ನಡದಲ್ಲಿ, ಕಾಗದದ ಮೇಲೆ ಬೈಯುತ್ತಿದ್ದೇನೆ. ಪೂರ್ತಿ ಓದು.

ಸಿಟ್ಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಬೀದರ ಪಕ್ಕದ ಕೊಳಾರದ ಔಷಧ ಕಾರ್ಖಾನೆಯವರು ನಿನ್ನ ತಮ್ಮ ಆಶೀಷನನ್ನು ಹೊಸ ಯಂತ್ರದ ತರಬೇತಿಗೆಂದು ಚೆನ್ನೈಗೆ ಕಳಿಸಿದ್ದರಲ್ಲ, ಆಗ ನಿನ್ನ ಹತ್ತಿರ ನಾಲ್ಕು ದಿನ ಇದ್ದ. ಬಂದವನು ಎರಡು ದಿನ ನನ್ನ ಮುಖ ತಪ್ಪಿಸಿ ಓಡಾಡಿದ. ಮೂರನೆಯ ದಿನ ಊಟಕ್ಕೆ ಕೂತಾಗ ಗದರಿಸಿದೆ. "ವರದಾಕ್ಕ ಹೇಳಬ್ಯಾಡ ಅಂದಾಳ್ರಿ ಬಾಬಾ" ಎಂದು ಶುರುಮಾಡಿ ಎಲ್ಲ ಹೇಳಿದ. ನೀನು ಮಾಡಿದ ಹೃದಯದ ಕೃತಕ ಕವಾಟಕ್ಕೆ ಪೇಟೆಂಟ್ ಕೇಳಿ ನಿಮ್ಮ ಸಂಸ್ಥೆಯವರು ಅರ್ಜಿ ಹಾಕಿದ್ದರಲ್ಲ, ಅದಕ್ಕೆ ಪೇಟೆಂಟ್ ಕಚೇರಿಯಿಂದ ಪರೀಕ್ಷಾ ವರದಿ ಬಂದು ಐದು ತಿಂಗಳು ದಾಟಿದೆಯಂತೆ. ಆಕ್ಷೇಪಣೆ ಎತ್ತಿದ್ದಾರಂತೆ. ಇದೇ ತಿಂಗಳ ಇಪ್ಪತ್ತೆಂಟಕ್ಕೆ ಮುದ್ದತ್ತು. ಅಷ್ಟರೊಳಗೆ ಸರಿಯಾದ ಉತ್ತರ ಹೋಗದಿದ್ದರೆ ನಿನ್ನ ಇಷ್ಟು ವರ್ಷದ ಕೆಲಸ ಮಣ್ಣುಪಾಲಂತೆ. ಐದು ತಿಂಗಳು ನೀನು ನನಗೆ ಊಟ ಆಯಿತು ಎಂದು ಹೇಳುತ್ತಾ ಕೂತಿದ್ದೀಯಲ್ಲ, ಏನನ್ನಬೇಕು ನಿನಗೆ?

ವರದಿಯ ಪುಟಗಳನ್ನು ಆಶೀಷ ಫೋನಿನಲ್ಲಿ ತೆಗೆದುಕೊಂಡು ಬಂದಿದ್ದ. ದೊಡ್ಡದು ಮಾಡಿ ಮಾಡಿ ಓದಿದೆ. ಇಂಗ್ಲಿಷ್ ಶಬ್ದ ಒಂದೊಂದೂ ತಿಳಿಯುತ್ತದೆ, ಕೂಡಿಸಿ ಓದಿದರೆ ತಲೆಗೆ ಹತ್ತುವುದಿಲ್ಲ. ನಿನ್ನ ರಚನೆಯಲ್ಲಿ ಹೊಸತನ ಇಲ್ಲ, ಯಾಕೆಂದರೆ ಅರ್ಜಿ ಹಾಕುವ ಎರಡು ತಿಂಗಳು ಮುಂಚೆಯೇ ಅದು ಸಾರ್ವಜನಿಕರ ಕಣ್ಣಿಗೆ ಬಿದ್ದಿದೆ ಎಂದು ಬರೆದಿದ್ದಾರೆ. ಮೂರು ಆಧಾರ ಕೊಟ್ಟಿದ್ದಾರೆ. ಒಂದು ಜರ್ಮನಿಯವರದು, ಒಂದು ಅಮೆರಿಕದವರದು. ಅವೆರಡೂ ನಿನ್ನದಕ್ಕೆ ಪೂರ್ತಿ ಹೊಂದುವುದಿಲ್ಲ ಎಂದು ಪರೀಕ್ಷಕರೇ ಒಪ್ಪಿದ್ದಾರೆ. ಮೂರನೆಯದು ಒಂದು ಫೋಟೊ. ಅದರಲ್ಲಿ ಔರಾದ ಬಸ್ ನಿಲ್ದಾಣ, ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಡಿ, ಮೇಲೆ ನಾನು ಕಟ್ಟಿಸಿದ ಬ್ಯಾನರ್. ನಮ್ಮ ಮನೆ ಹುಡುಕಲು ಕೊರಿಯರಿನವನು ಇವತ್ತಿಗೂ ಮೂರು ಸಲ ಫೋನು ಮಾಡುತ್ತಾನೆ. ಅಷ್ಟು ದೂರ ಕೂತ ಪರೀಕ್ಷಕರಿಗೆ ಔರಾದ ಹೇಗೆ ಸಿಕ್ಕಿತು? ಹೇಳಲು ನಾಚಿಕೆಯಾಗುತ್ತದೆ, ಆ ಫೋಟೊ ನೋಡಿ ನಾನು ಮೊದಲು ಖುಷಿಪಟ್ಟೆ. "ಇಲ್ಲಿ ಬಾ, ನಮ್ಮ ಬ್ಯಾನರ್ ಸರಕಾರಿ ಕಾಗದದಾಗ ಬಂದದ ನೋಡು" ಎಂದು ಆಯಿಯನ್ನು ಕರೆದೆ. ಆಶೀಷ ತಲೆ ತಗ್ಗಿಸಿ ಕೂತಿದ್ದ.

ಆ ಬ್ಯಾನರಿನ ಕಥೆಯನ್ನು ನಾನೇ ನಿನಗೆ ಹೇಳಬೇಕು. ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ನೀನು ಫೋನಿನಲ್ಲಿ ಕೂಗಿದ್ದು ನೆನಪಿದೆಯೇ? "ಬಾಬಾ, ಕುರಿ ಎದ್ದು ನಿಂತದರಿ! ಮೇವ ತಿನ್ಲಾಕತ್ತದರಿ!" ನಿನ್ನ ಕವಾಟವನ್ನು ಎದೆಯಲ್ಲಿಟ್ಟುಕೊಂಡ ಮೊದಲ ಕುರಿ. ಆ ಮಾತನ್ನು ನಾನು ಭಾಲ್ಕಿಯಿಂದ ಖಟಕ ಚಿಂಚೋಳಿಯವರೆಗೆ ಹೇಳಿಕೊಂಡು ಬಂದೆ. ಅಲ್ಲಿ ಕುರಿ ಸಾಕುವ ಅಂಜನಾಬಾಯಿ ಕವಾಟದ ಸುದ್ದಿಯನ್ನೇ ಬಿಟ್ಟು "ಯಾವ ಜಾತಿ ಕುರಿರಿ ಮಾಸ್ತರ? ಕರೀದೋ ಬಿಳೀದೋ?" ಎಂದು ಕೇಳಿದಳು. ಸಂತೋಷವಾದರೆ ನಮ್ಮ ಕಡೆ ಜನ ಏನು ಮಾಡುತ್ತಾರೆ ಎಂದು ನಿನಗೆ ಗೊತ್ತು. ಪುಢಾರಿಯ ಹುಟ್ಟುಹಬ್ಬಕ್ಕೆ ಬ್ಯಾನರ್, ಪುಢಾರಿಯ ಮೊಮ್ಮಗನ ಜಾವಳಕ್ಕೆ ಬ್ಯಾನರ್, ಹತ್ತನೆಯ ಇಯತ್ತೆಯಲ್ಲಿ ಕಷ್ಟಪಟ್ಟು ಪಾಸಾದವನಿಗೂ ಬ್ಯಾನರ್. ನನ್ನ ಮಗಳು ಒಂದು ಜೀವದ ಎದೆಗೆ ಬಾಗಿಲು ಕೂಡಿಸಿದ್ದಾಳೆ, ಅವಳಿಗೆ ಒಂದು ಬ್ಯಾನರ್ ಇಲ್ಲವೇ?

ಚಿತ್ರ ನನ್ನ ಹತ್ತಿರವೇ ಇತ್ತು. ಸಾಲೆಯ ದಿನಗಳಿಂದಲೂ ನಿನ್ನ ಚಿತ್ರಗಳ ಗೆರೆ ತಿದ್ದಿ ಮಸಿಯಲ್ಲಿ ಎಳೆದುಕೊಡುವವನು ನಾನು. ಕವಾಟದ ಚಿತ್ರವನ್ನೂ ಕಳಿಸಿದ್ದೆಯಲ್ಲ. ಜೊತೆಗೆ ನೀನು ಬರೆದ ಸಂದೇಶ: "ಬಾಬಾ, ಅಳತಿ ಗೆರಿ ಅಚ್ಚುಕಟ್ಟ ಮಾಡಿ ಕಳಸ್ರಿ. ಯಾರಿಗೂ ತೋರಸಬ್ಯಾಡ್ರಿ." ಓದಿದೆ. ಓದಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಐದನೆಯ ಇಯತ್ತೆಯಲ್ಲಿ ಬಹುಮಾನ ಬಂದ ನವಿಲಿನ ಚಿತ್ರವನ್ನೂ ನೀನು ಯಾರಿಗೂ ತೋರಿಸಬೇಡಿರಿ ಎಂದು ಹಾಸಿಗೆಯ ಕೆಳಗೆ ಮುಚ್ಚಿಟ್ಟವಳು. ನಾನು ಅದನ್ನು ಹೊರತೆಗೆದು ಗೋಡೆಗೆ ಹಾಕಿದ ಮೇಲೆ, ಮನೆಗೆ ಯಾರಾದರೂ ಬಂದರೆ ಸಾಕು, ಪುಸ್ತಕ ಹಿಡಿದುಕೊಂಡು ಅದರ ಕೆಳಗೇ ಹೋಗಿ ಕೂರುತ್ತಿದ್ದವಳೂ ನೀನೇ. ಇದೂ ಅದೇ ಸಂಕೋಚ ಎಂದುಕೊಂಡೆ. ಮಕ್ಕಳು ಬೇಡ ಎನ್ನುತ್ತಾರೆ, ತಂದೆ ತಾಯಿ ತೋರಿಸುತ್ತಾರೆ. ಇದರಲ್ಲಿ ಕಾಯದೆ ಬರುತ್ತದೆ ಎಂದು ನನಗೇನು ಗೊತ್ತು?

ಎರಡು ಬ್ಯಾನರ್ ಮಾಡಿಸಿದೆ. ನಾವಿರುವ ಭಾಲ್ಕಿಗೆ ಒಂದು, ನಾನು ಹದಿನಾಲ್ಕು ವರ್ಷ ಕಲಿಸಿದ ಔರಾದಿಗೆ ಒಂದು. ಚಿತ್ರವನ್ನು ಮೂಲೆಯಲ್ಲಿ ಸಣ್ಣದಾಗಿ ಹಾಕುತ್ತೇನೆ ಎಂದು ಅಂಗಡಿಯವನು ಹೇಳಿದ, ನಾನು ಬಿಡಲಿಲ್ಲ. ನಿನ್ನ ಫೋಟೊ ಸಣ್ಣದು, ಕವಾಟ ಹನ್ನೆರಡು ಅಡಿ. ಉಂಗುರ, ಅದರೊಳಗಿನ ಮೂರು ತೆಳು ಎಲೆ, ಎಲೆಯ ಬುಡದಲ್ಲಿ ರಕ್ತ ನಿಂತು ಹೆಪ್ಪುಗಟ್ಟದಂತೆ ನೀನು ಕೊಟ್ಟ ಬಾಗು, ಆ ಬಾಗಿನ ಅಳತೆ, ಎಲ್ಲ ಹಾಕಿಸಿದೆ. ಜನರಿಗೆ ತಿಳಿಯಲೆಂದು ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ವಿವರಣೆ ಬರೆಸಿದೆ. ಆ ಬಾಗೇ ನಿನ್ನ ಹೊಸ ವಿಚಾರವಂತೆ, ಪೇಟೆಂಟ್ ಕೇಳಿದ್ದೂ ಅದಕ್ಕೇ ಅಂತೆ. ನಾನು ಅದರ ಸುತ್ತ ಕೆಂಪು ಗೆರೆ ಬೇರೆ ಎಳೆಸಿದ್ದೆ.

ಔರಾದಿನಲ್ಲಿ ನನ್ನ ಹಳೆಯ ವಿದ್ಯಾರ್ಥಿ ಶಾಹಿದ ಫೋನಿನಲ್ಲಿ ಊರಿನ ಸುದ್ದಿ ಹಾಕುವ ಒಂದು ಪುಟ ನಡೆಸುತ್ತಾನೆ. "ನಮ್ಮ ಸರ್ ಮಗಳು" ಎಂದು ಬರೆದು ಬ್ಯಾನರಿನ ಫೋಟೊ ಹಾಕಿದವನು ಅವನೇ. ಒಂದೊಂದು ಅಂಕಿಯೂ ಓದಲು ಬರುವಂತೆ ತೆಗೆದಿದ್ದಾನೆ. ಅಳತೆ ಮಸುಕಾಗಿ ಬರೆದರೆ ಅವನ ಕಿವಿ ಹಿಂಡುತ್ತಿದ್ದವನು ನಾನು, ಈಗ ಯಾರನ್ನು ಬೈಯಲಿ? ನಿನಗೆ ಮಾತ್ರ ಹೇಳಿರಲಿಲ್ಲ. ಗಣೇಶ ಚೌತಿಗೆ ಬಂದಾಗ ಬಸ್ಸಿನಿಂದ ಇಳಿಯುತ್ತಲೇ ನೋಡಲಿ ಎಂಬ ಆಸೆ. ನಿನಗೆ ರಜೆ ಸಿಗಲಿಲ್ಲ. ಆಮೇಲೆ ಗಾಳಿಗೆ ಭಾಲ್ಕಿಯ ಬ್ಯಾನರ್ ಹರಿಯಿತು, ಅಂಜನಾಬಾಯಿ ಅದನ್ನು ಒಯ್ದು ಕುರಿಹಟ್ಟಿಯ ಮೇಲೆ ಹಾಕಿಕೊಂಡಳು, ನಾನೂ ಮರೆತೆ. ಹೀಗಾಗಿ ನೀನು ಅದನ್ನು ಮೊದಲ ಸಲ ನೋಡಿದ್ದು ಪರೀಕ್ಷಕರ ವರದಿಯಲ್ಲಿ. ಆ ಹೊತ್ತಿನಲ್ಲಿ ನಿನಗೆ ಹೇಗಾಗಿರಬೇಕು ಎಂದು ಊಟಕ್ಕೆ ಕೂತಾಗಲೆಲ್ಲ ನೆನೆಸಿಕೊಳ್ಳುತ್ತೇನೆ.

ಬೀದರಕ್ಕೆ ಹೋಗಿ ವಕೀಲ ಅಮಿತಕುಮಾರರನ್ನು ಕಂಡೆ. ಹೊಲಮನೆ ವ್ಯಾಜ್ಯ ನೋಡುವವರು. ವರದಿಯನ್ನು ಎರಡು ಸಲ ಓದಿ, "ಹೊಲದ ಕೇಸಿನ್ಯಾಗ ಕಾಗದ ಹಳೇದಿದ್ದಷ್ಟು ಛಲೋರಿ ಸರ್. ಇದರಾಗ ಹಳೇ ಕಾಗದ ಸಿಕ್ತಂದ್ರ ಕೇಸೇ ಹೋತು. ಎಲ್ಲಾ ಉಲ್ಟಾ ಅದ" ಎಂದರು. ನನಗೆ ಬಗೆಹರಿಯದ್ದೂ ಅದೇ. ಚಿತ್ರ ನಿನ್ನದು, ಹೆಸರು ನಿನ್ನದು, ಮುಖ ನಿನ್ನದು. ಹಾಗಿದ್ದ ಮೇಲೆ ಅದು ನಿನ್ನ ವಿರುದ್ಧವೇ ಸಾಕ್ಷಿ ಹೇಗಾಗುತ್ತದೆ? ಲೋಕಕ್ಕೆ ಗೊತ್ತಿಲ್ಲದ್ದನ್ನು ಮೊದಲು ಸರಕಾರಕ್ಕೆ ಹೇಳಿದರೆ ಕೆಲವು ವರ್ಷ ಅದು ಕಂಡುಹಿಡಿದವರ ಹಕ್ಕು, ಲೋಕಕ್ಕೆ ಮೊದಲು ಹೇಳಿದರೆ ಲೋಕದ್ದೇ, ಎಂದು ಅವರು ತಿಳಿಸಿ ಹೇಳಿದರು. ತಿಳಿಯಿತು ಎಂದು ಹೊರಗೆ ಬಂದೆ. ಭಾಲ್ಕಿ ಬಸ್ ಹತ್ತುವುದರೊಳಗೆ ಮತ್ತೆ ತಿಳಿಯದಾಯಿತು. ಏನಾದರೂ ಮಾಡಬೇಕಲ್ಲ ಎಂದು ಶಾಹಿದನಿಗೆ ಹೇಳಿ ಆ ಫೋಟೊ ಅಳಿಸಿಸಿದೆ. ಆಶೀಷ ಹೌಹಾರಿದ. "ಯಾಕ ಅಳಸಿದ್ರಿ ಬಾಬಾ? ಅವರ ಹತ್ರ ಆಗಲೇ ಅದ. ಈಗ ನಾವು ಮುಚ್ಚಿಟ್ಟಂಗ ಕಾಣ್ತದ." ಹಾಗಾದರೆ ಮತ್ತೆ ಹಾಕಿಸಲೇ ಎಂದು ಕೇಳಿದೆ. ಅವನು ತಲೆ ಹಿಡಿದುಕೊಂಡ. ಅಂದಿನಿಂದ ನಾನು ಫೋನನ್ನು ಕಪಾಟಿನಲ್ಲಿಟ್ಟಿದ್ದೇನೆ.

ಒಂದು ದಾರಿ ಇದೆ ಎಂದು ನಿಮ್ಮ ಸಂಸ್ಥೆಯ ಪೇಟೆಂಟ್ ಏಜೆಂಟರು ನಿನಗೆ ಜೂನ್ ತಿಂಗಳಲ್ಲೇ ಹೇಳಿದ್ದಾರಂತೆ. ಚಿತ್ರವನ್ನು ನಿನ್ನಿಂದ ಪಡೆದವನು ನಿನ್ನ ಒಪ್ಪಿಗೆಯಿಲ್ಲದೆ ಊರ ಮುಂದೆ ಇಟ್ಟಿದ್ದರೆ ಅದನ್ನು ನಿನ್ನ ವಿರುದ್ಧ ಹಿಡಿಯಬಾರದು ಎಂದು ಕಾಯದೆಯಲ್ಲೇ ಇದೆಯಂತೆ. ಆದರೆ ತಂದೆ ನನ್ನ ಮಾತು ಮೀರಿ ಹೀಗೆ ಮಾಡಿದರು ಎಂದು ನೀನು ಬರೆದು, ಸಾಕ್ಷಿ ಸಮೇತ ತೋರಿಸಬೇಕು. ನಿನ್ನ ಉತ್ತರವನ್ನೂ ಆಶೀಷ ಹೇಳಿದ. "ನಮ್ಮ ಬಾಬಾನ್ನ ಕಳ್ಳರ ಸಾಲಿನ್ಯಾಗ ನಾ ನಿಂದರ್ಸಂಗಿಲ್ಲ. ಪೇಟೆಂಟ್ ಹೋದ್ರ ಹೋಗ್ಲಿ" ಎಂದೆಯಂತೆ. ಈ ಮಾತು ಕೇಳಿ ಸಂತೋಷವಾಯಿತೋ ಸಿಟ್ಟು ಬಂತೋ ನನಗೆ ಇನ್ನೂ ಗೊತ್ತಾಗಿಲ್ಲ. ಮೊದಲು ಕಣ್ಣಲ್ಲಿ ನೀರು ಬಂತು, ಹೊಸ ಕಣ್ಣಿನಲ್ಲೂ ಬಂತು. ಆಮೇಲೆ ಸಿಟ್ಟು. ನನ್ನ ಮರ್ಯಾದೆಯ ಚಿಂತೆ ಮಾಡು ಎಂದು ನಿನಗೆ ಹೇಳಿದವರು ಯಾರು?

ಹೋದ ಗುರುವಾರ ಖಟಕ ಚಿಂಚೋಳಿಗೆ ಹೋಗಿದ್ದೆ. ಅಂಜನಾಬಾಯಿಯ ಮಗಳು ಕಾಜಲ, ನಿನ್ನ ಗೆಳತಿ, ತವರಿಗೆ ಬಂದಿದ್ದಾಳೆ. ಜ್ವರ ಬಂದು ಕೀಲುಗಳು ಬಾತು ಅವಳ ಹೃದಯದ ಕವಾಟ ಕೆಟ್ಟದ್ದು, ಹದಿನೇಳನೆಯ ವರ್ಷಕ್ಕೆ ಲೋಹದ್ದನ್ನು ಕೂಡಿಸಿದ್ದು, ಆಸ್ಪತ್ರೆಯಲ್ಲಿ ನೀನು ಅವಳ ಪಕ್ಕ ಕೂತು ಅದರ ಟಿಕ್ ಟಿಕ್ ಕೇಳಿದ್ದು ನಾನು ಮರೆತಿಲ್ಲ. ನಿನ್ನ ಈ ವಿದ್ಯೆ ಶುರುವಾದದ್ದೇ ಆ ಮಂಚದ ಹತ್ತಿರ. ರಕ್ತ ತೆಳುವಾಗಿಡುವ ಗುಳಿಗೆಯನ್ನು ಅವಳು ಇವತ್ತಿಗೂ ದಿನಾ ನುಂಗಬೇಕು, ತಿಂಗಳಿಗೊಮ್ಮೆ ಬೀದರಕ್ಕೆ ಹೋಗಿ ರಕ್ತ ತೋರಿಸಬೇಕು. ಮದುವೆಯಾಗಿ ಮೂರು ವರ್ಷ. ಗುಳಿಗೆ ನಡೆದಿರುವಾಗ ಬಸುರಿಯಾದರೆ ಕೂಸಿಗೆ ಅಪಾಯ, ಗುಳಿಗೆ ಬಿಟ್ಟರೆ ಅವಳಿಗೇ ಅಪಾಯ ಎಂದು ಡಾಕ್ಟರು ಹೇಳಿದ್ದಾರೆ. ಚಹಾ ಕೊಡುತ್ತಾ ಮೆಲ್ಲಗೆ ಕೇಳಿದಳು: "ವರದಾಂದು ವಾಲ್ವ್ ಯಾವಾಗ ಬರ್ತದರಿ ಕಾಕಾ? ಅದಕ್ಕ ಗುಳಿಗಿ ಬ್ಯಾಡಂತಲ್ಲ?" ಅವಳಿಗೆ ಅದು ಒದಗುತ್ತದೋ ಅವಳಂಥ ಇನ್ನೊಬ್ಬಳಿಗೆ ಒದಗುತ್ತದೋ ನನಗೆ ಗೊತ್ತಿಲ್ಲ. ಪೇಟೆಂಟ್ ಸಿಗದಿದ್ದರೆ ತಯಾರಿಸಲು ಒಪ್ಪಿದ ಕಂಪನಿ ಹಿಂದೆ ಸರಿಯುತ್ತದೆ, ಮನುಷ್ಯರ ಮೇಲಿನ ಪರೀಕ್ಷೆಯೇ ನಡೆಯುವುದಿಲ್ಲ ಎಂದು ಆಶೀಷ ಹೇಳಿದ್ದಷ್ಟು ಗೊತ್ತು. "ಬರ್ತದವ್ವ" ಎಂದು ಹೇಳಿ ಎದ್ದು ಬಂದೆ. ನನ್ನಿಂದಲೇ ಬರಲಿಕ್ಕಿಲ್ಲ ಎಂದು ಆ ಹುಡುಗಿಗೆ ಹೇಳುವ ಧೈರ್ಯ ಆಗಲಿಲ್ಲ.

ತಪ್ಪಾಯಿತು ಮಗಳೇ. ಈ ಮಾತನ್ನು ನಾನು ವಿದ್ಯಾರ್ಥಿಗಳ ಬಾಯಿಂದ ಹೇಳಿಸಿದ್ದೇ ಹೆಚ್ಚು, ನಾನು ಹೇಳಿದ್ದು ಕಡಿಮೆ, ಅದಕ್ಕೇ ಸರಿಯಾಗಿ ಬರುತ್ತಿಲ್ಲ. ಇಷ್ಟು ಬರೆದ ಮೇಲೂ ಗೊಂದಲ ಹೋಗಿಲ್ಲ. ಮಗಳ ಮೇಲಿನ ಹೆಮ್ಮೆಗೂ ಮಗಳ ಅಪ್ಪಣೆ ಬೇಕು ಎನ್ನುವುದು ಈ ವಯಸ್ಸಿನಲ್ಲಿ ಕಲಿಯಲು ಕಷ್ಟದ ಪಾಠ. ಆಯಿ ಶೇಂಗಾ ಹೋಳಿಗೆ ಮಾಡಿದ್ದಾಳೆ, ಇದರ ಜೊತೆಗೇ ಕಳಿಸು ಎನ್ನುತ್ತಾಳೆ. ಕಾಗದಕ್ಕೆ ಎಣ್ಣೆ ಹತ್ತುತ್ತದೆ, ಬೇರೆ ಕಳಿಸುತ್ತೇನೆ ಎಂದು ಜಗಳ ಮಾಡಿದ್ದೇನೆ. ನಿನ್ನ ಗೈಡ್ ಮೇಡಮ್ಮರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಕೈಗೆ ಯಶಸ್ಸು ಬರಲಿ, ಆಯಿಯದೂ ಸೇರಿಸಿ ನೂರು ಆಶೀರ್ವಾದ.

ಇತಿ ನಿನ್ನ ಬಾಬಾ,
ಭಾಲಚಂದ್ರ

ತಾ.ಕ.: ಸೋಮವಾರ, ಬೀದರ ಟಪಾಲು ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ. ಇದನ್ನು ಹಾಕಲು ಬಂದವನು ಮೊದಲು ಕೋರ್ಟಿಗೆ ಹೋದೆ. ಜೊತೆಗಿರುವ ಸ್ಟ್ಯಾಂಪ್ ಕಾಗದ ನನ್ನ ಅಫಿಡವಿಟ್. ನೋಟರಿ ಮುಂದೆ ಸಹಿ ಮಾಡಿದ್ದೇನೆ. ವರದಾ ಯಾರಿಗೂ ತೋರಿಸಬೇಡ ಎಂದಿದ್ದಳು, ನಾನು ಅವಳನ್ನು ಕೇಳದೆ ಅವಳ ಚಿತ್ರ ಹಾಕಿಸಿದೆ, ಆಮೇಲೂ ತಿಳಿಸಲಿಲ್ಲ ಎಂದು ಬರೆಸಿದ್ದೇನೆ. ನಿನ್ನ ಸಂದೇಶವನ್ನು ಫೋನಿನಿಂದ ತೆಗೆಸಿ ಲಗತ್ತಿಸಿದ್ದೇನೆ. ಅಮಿತಕುಮಾರರು "ಅಜಾಗರೂಕತೆಯಿಂದ" ಎಂದು ಹಾಕಿದ್ದರು, ಅದನ್ನು ತೆಗೆಸಿ "ಬೇಡ ಎಂದದ್ದು ಗೊತ್ತಿದ್ದೂ" ಎಂದು ಮಾಡಿಸಿದೆ. ನನ್ನ ವಿರುದ್ಧ ನೀನು ಒಂದು ಅಕ್ಷರವೂ ಬರೆಯಬೇಕಾಗಿಲ್ಲ. ಇದನ್ನು ಇಪ್ಪತ್ತೆಂಟರೊಳಗೆ ಏಜೆಂಟರ ಕೈಗೆ ಕೊಡು, ಹಟ ಮಾಡಬೇಡ. ವರದಾಳಿಗೂ ನಿಮಗೂ ಸಂಬಂಧ ಏನು ಎಂಬ ಸಾಲು ಬಂದಾಗ ಅಮಿತಕುಮಾರರು ಪೆನ್ನು ಎತ್ತಿ ಹಿಡಿದು, "ಇದೊಂದು ಖಾಲಿ ಬಿಡೂಣೇನ್ರಿ ಸರ್?" ಎಂದು ಕೇಳಿದರು. ಬೇಡ, ತಂದೆ ಎಂದು ಬರೆಯಿರಿ ಎಂದೆ.